ಮಕ್ಕಳ ಗ್ರಾಮ ಸಭೆ ನಡೆಸುವ ಬಗೆ: ಹಟ್ಟಿಯ ಪಟ್ಟಿಯಿಂದ ಅನುಪಾಲನಾ ವರದಿವರೆಗೆ

ಊರಿನ ಮಕ್ಕಳು ತಮ್ಮ ಅಹವಾಲುಗಳನ್ನು ಪಂಚಾಯಿತಿ ಮುಂದಿಡುವ ಮಕ್ಕಳ ಗ್ರಾಮ ಸಭೆಯನ್ನು ವರ್ಷಕ್ಕೊಮ್ಮೆ ನಡೆಸಬೇಕೆಂಬ ಸೂಚನೆ ರಾಜ್ಯದ ಗ್ರಾಮ ಪಂಚಾಯಿತಿಗಳಿಗೆ 2006ರಿಂದಲೂ ಇದೆ. ಆದರೂ ಎಷ್ಟೋ ಕಡೆ ಆ ದಿನ ಶಾಮಿಯಾನ, ಸ್ವಾಗತ ಗೀತೆ, ವೇದಿಕೆ ತುಂಬ ಕುರ್ಚಿ, ತಾಸುಗಟ್ಟಲೆ ಭಾಷಣ ಮುಗಿದ ಮೇಲೆ ‘ಮಕ್ಕಳೇ, ಏನಾದರೂ ಕೇಳೋದಿದ್ರೆ ಕೇಳಿ’ ಎಂದು ಹತ್ತು ನಿಮಿಷ ಮೈಕ್ ಕೊಡುತ್ತಾರೆ. ಮಗು ಕೇಳುತ್ತದೆ, ದೊಡ್ಡವರು ‘ಮಾಡೋಣ’ ಅನ್ನುತ್ತಾರೆ. ಕೇಳಿದ್ದು ನಡಾವಳಿ ಪುಸ್ತಕಕ್ಕೆ ಏರುವುದೇ ಇಲ್ಲ. ಮುಂದಿನ ವರ್ಷ ಅದೇ ಮಗು ಅದೇ ಪ್ರಶ್ನೆ ಕೇಳುತ್ತದೆ, ಇಲ್ಲವೇ ಕೇಳುವುದನ್ನೇ ಬಿಡುತ್ತದೆ.

ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಪಿಡಿಒಗಳು (ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು), ಪಂಚಾಯಿತಿ ಸದಸ್ಯರು, ಶಿಕ್ಷಕರು ಮತ್ತು ಊರಿನ ಯುವಕ ಯುವತಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿ ಬರೆದಿದೆ. ಇದರ ಒತ್ತು ಒಂದೇ ಮಾತಿನ ಮೇಲಿದೆ: ಮಕ್ಕಳು ಕೇಳಿದ ಪ್ರತಿಯೊಂದಕ್ಕೂ ಲಿಖಿತ ಉತ್ತರ ಸಿಗಬೇಕು, ಆ ಉತ್ತರ ಮಕ್ಕಳ ಕೈಗೇ ತಲುಪಬೇಕು. ‘ಆಗುವುದಿಲ್ಲ’ ಎಂಬುದೂ ಉತ್ತರವೇ, ಏಕೆ ಆಗುವುದಿಲ್ಲ ಎಂದು ಬರೆದಿದ್ದರೆ.

ಯಾವ ಆಧಾರದ ಮೇಲೆ ಕೇಳಬೇಕು

ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ 1989ರ ನವೆಂಬರ್ 20ರಂದು ಅಂಗೀಕಾರವಾಯಿತು. ಭಾರತ ಅದಕ್ಕೆ 1992ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅದರ 12ನೇ ವಿಧಿಯಲ್ಲಿ ಎರಡು ಭಾಗಗಳಿವೆ. ತನಗೆ ಸಂಬಂಧಿಸಿದ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕು ಮಗುವಿಗಿದೆ ಎಂಬುದು ಮೊದಲನೆಯದು. ಆ ಅಭಿಪ್ರಾಯಕ್ಕೆ ಮಗುವಿನ ವಯಸ್ಸು, ಪ್ರಬುದ್ಧತೆಗೆ ತಕ್ಕ ತೂಕ ಕೊಡಬೇಕು ಎಂಬುದು ಎರಡನೆಯದು. ನಮ್ಮ ಸಭೆಗಳಲ್ಲಿ ಮೊದಲ ಭಾಗ ಹೇಗೋ ನಡೆಯುತ್ತದೆ, ಎರಡನೆಯದು ತಪ್ಪಿಹೋಗುತ್ತದೆ.

ಕರ್ನಾಟಕಕ್ಕೆ ಈ ಕೆಲಸ ಹೊಸದಲ್ಲ. ಕುಂದಾಪುರ ಸೀಮೆಯಲ್ಲಿ ಭೀಮ ಸಂಘದ ದುಡಿಯುವ ಮಕ್ಕಳು 1990ರ ದಶಕದಲ್ಲೇ ಮಕ್ಕಳ ಪಂಚಾಯಿತಿ ಕಟ್ಟಿ, ತಮ್ಮೂರಿನ ಅಹವಾಲುಗಳನ್ನು ಪಂಚಾಯಿತಿ ಮುಂದಿಟ್ಟಿದ್ದರು. ಈಗ ಪಂಚಾಯಿತಿ ಯೋಜನೆಗೆ ಗೊತ್ತುಮಾಡಿರುವ ಸುಸ್ಥಿರ ಅಭಿವೃದ್ಧಿಯ 9 ಗುರಿಗಳಲ್ಲಿ ಮೂರನೆಯದೇ ‘ಮಕ್ಕಳ ಸ್ನೇಹಿ ಗ್ರಾಮ’. ಯಾರಾದರೂ ‘ಇದೆಲ್ಲ ಯಾಕೆ’ ಎಂದು ಕೇಳಿದರೆ ಈ ಮೂರನೇ ಗುರಿಯನ್ನು ತೋರಿಸಿ. ಒಡಂಬಡಿಕೆಯ ಮಾತಿಗಿಂತ ಯೋಜನೆಯ ಮಾತು ಪಂಚಾಯಿತಿ ಕಚೇರಿಯಲ್ಲಿ ಬೇಗ ನಾಟುತ್ತದೆ.

ದಿನ ಗೊತ್ತುಮಾಡುವುದು

ಮಕ್ಕಳ ಗ್ರಾಮ ಸಭೆ ಸಾಮಾನ್ಯವಾಗಿ ನವೆಂಬರ್‌ನಿಂದ ಜನವರಿ ನಡುವೆ ನಡೆಯುತ್ತದೆ. ನಮ್ಮ ಸೀಮೆಗೆ ನವೆಂಬರ್ ಕೊನೆಯ ಎರಡು ವಾರ ಸರಿಯಾದ ಕಾಲ. ಮುಂದಿನ ವರ್ಷದ ಯೋಜನೆ ಅಕ್ಟೋಬರ್ 2ರ ಗ್ರಾಮ ಸಭೆಗಳ ಹೊತ್ತಿಗೆ ಆರಂಭವಾಗಿ ಚಳಿಗಾಲದಲ್ಲಿ ಗಟ್ಟಿಯಾಗುತ್ತದೆ, ಬಜೆಟ್ ಫೆಬ್ರುವರಿ–ಮಾರ್ಚ್‌ನಲ್ಲಿ ಬರುತ್ತದೆ. ಜನವರಿ ಕೊನೆಗೆ ಸಭೆ ಇಟ್ಟರೆ ಹಣ ಹಂಚಿ ಮುಗಿದಿರುತ್ತದೆ. ಹತ್ತನೇ ತರಗತಿ ಮಕ್ಕಳು ಪೂರ್ವಸಿದ್ಧತಾ ಪರೀಕ್ಷೆಯ ಗಡಿಬಿಡಿಯಲ್ಲಿರುತ್ತಾರೆ.

ಇನ್ನೊಂದು ಲೆಕ್ಕವೂ ಇದೆ. ಶೇಂಗಾ ಕೀಳುವ, ಮೆಕ್ಕೆಜೋಳ ಮುರಿಯುವ ದಿನಗಳಲ್ಲಿ ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆ ಮಕ್ಕಳು ಹೊಲದಲ್ಲಿರುತ್ತಾರೆ. ಸುಗ್ಗಿ ಮುಗಿದ ಬೆನ್ನಿಗೆ ತಾಂಡಾಗಳ ಕುಟುಂಬಗಳು ಕಬ್ಬು ಕಡಿಯಲು, ಕಾಫಿ ತೋಟಕ್ಕೆ ಹೊರಡುತ್ತವೆ. ಅವರ ಮಕ್ಕಳ ಮಾತು ಬೇಕಿದ್ದರೆ ತಾಂಡಾದ ಪೂರ್ವಭಾವಿ ಸಭೆಯನ್ನು ದೀಪಾವಳಿಗೆ ಮೊದಲೇ ಮುಗಿಸಿ. ಊರು ಬಿಟ್ಟ ಮೇಲೆ ಹುಡುಕಿದರೆ ಸಿಗುವುದಿಲ್ಲ.

ಹಿಂದಿನಿಂದ ಲೆಕ್ಕ ಹಾಕಿದರೆ ತಯಾರಿಗೆ ಆರು ವಾರ ಬೇಕು. ಮೊದಲ ವಾರ ತಂಡ ಮತ್ತು ಪಟ್ಟಿ, ಎರಡು–ಮೂರನೇ ವಾರ ಪೂರ್ವಭಾವಿ ಸಭೆಗಳು, ನಾಲ್ಕನೇ ವಾರ ಅಳತೆ ಮತ್ತು ಪರೀಕ್ಷೆ, ಐದನೇ ವಾರ ಬೇಡಿಕೆ ಬರೆದು ಇಲಾಖೆಗಳಿಗೆ ಮುಂಚಿತವಾಗಿ ಕಳಿಸುವುದು, ಆರನೇ ವಾರ ಸಭೆ. ಐದನೇ ವಾರ ಬಿಟ್ಟರೆ ಅಧಿಕಾರಿಗಳು ಖಾಲಿ ಕೈಯಲ್ಲಿ ಬಂದು ‘ನೋಡ್ತೀವಿ’ ಎಂದು ಹೋಗುತ್ತಾರೆ. ಪ್ರಶ್ನೆ ಏಳು ದಿನ ಮೊದಲೇ ಕೈಸೇರಿದ್ದರೆ ಉತ್ತರ ತರದೆ ಬರಲು ಅವರಿಗೂ ಮುಜುಗರವಾಗುತ್ತದೆ.

ತಂಡ

ಪಿಡಿಒ, ಒಬ್ಬ ಮಹಿಳಾ ಸದಸ್ಯೆ, ಪಂಚಾಯಿತಿ ವ್ಯಾಪ್ತಿಯ ಮುಖ್ಯ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು, ಆಶಾ, ಅರಿವು ಕೇಂದ್ರದ (ಪಂಚಾಯಿತಿ ಗ್ರಂಥಾಲಯದ) ಮೇಲ್ವಿಚಾರಕರು. ಇವರೊಂದಿಗೆ 18ರಿಂದ 25 ವಯಸ್ಸಿನ ಆರು ಯುವಜನ ಇರಲೇಬೇಕು, ಅವರಲ್ಲಿ ಮೂವರಾದರೂ ಹೆಣ್ಣುಮಕ್ಕಳು. ಡಿಗ್ರಿ ಓದುತ್ತಿರುವವರು, ಊರಲ್ಲೇ ಉಳಿದು ಕೃಷಿ ಮಾಡುತ್ತಿರುವವರು ಇಬ್ಬರೂ ಇದ್ದರೆ ಒಳ್ಳೆಯದು.

ಯುವಜನರ ಕೆಲಸ ಮಕ್ಕಳ ಪರವಾಗಿ ಮಾತಾಡುವುದಲ್ಲ. ಗುಂಪು ನಡೆಸುವುದು, ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳುವುದು, ಟೇಪು ಹಿಡಿದು ಅಳೆಯುವುದು, ಸಭೆಯಾದ ಮೇಲೆ ಕಡತದ ಬೆನ್ನು ಹತ್ತುವುದು. 18 ತುಂಬಿದವರಿಗೆ ವಾರ್ಡ್ ಸಭೆ, ಗ್ರಾಮ ಸಭೆಗಳಲ್ಲಿ ಮತದಾರರಾಗಿ ಮಾತಾಡುವ ಹಕ್ಕಿದೆ, ಮಕ್ಕಳಿಗಿಲ್ಲ. ಹಾಗಾಗಿ ಮಕ್ಕಳು ಆರಿಸಿದ ಮೊದಲ ಮೂರು ಬೇಡಿಕೆಗಳನ್ನು ವಾರ್ಡ್ ಸಭೆಯಲ್ಲಿ ಮಂಡಿಸಿ ನಡಾವಳಿಗೆ ಸೇರುವಂತೆ ನೋಡಿಕೊಳ್ಳುವುದು ಇವರದೇ ಹೊಣೆ. ಈ ಕೊಂಡಿ ಇಲ್ಲದಿದ್ದರೆ ಮಕ್ಕಳ ಸಭೆ ಒಂದು ಕಡೆ, ಊರಿನ ಯೋಜನೆ ಇನ್ನೊಂದು ಕಡೆ ಆಗುತ್ತದೆ.

ರಾಜಕೀಯ ಪಕ್ಷದ ಪದಾಧಿಕಾರಿಯಾಗಿರುವ ಯುವಕರನ್ನು ಈ ಆರರಲ್ಲಿ ಸೇರಿಸಬೇಡಿ. ಅವರ ಉತ್ಸಾಹ ನಿಜವೇ ಇರಬಹುದು. ಆದರೆ ಮಕ್ಕಳ ಬೇಡಿಕೆ ವಿರೋಧ ಬಣದ ಬೇಡಿಕೆ ಎಂದು ಒಮ್ಮೆ ಹೆಸರಾದರೆ ಆ ವರ್ಷ ಏನೂ ಆಗುವುದಿಲ್ಲ.

ಪಟ್ಟಿಯಲ್ಲಿ ಇಲ್ಲದ ಮಕ್ಕಳು

ಶಾಲೆಯ ಹಾಜರಿ ಪುಸ್ತಕ ನೋಡಿ ಮಕ್ಕಳನ್ನು ಕರೆದರೆ ಹೆಚ್ಚು ತೊಂದರೆಯಲ್ಲಿರುವವರೇ ಹೊರಗುಳಿಯುತ್ತಾರೆ. ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರ ಮನೆ ಸಮೀಕ್ಷೆಯ ಪುಸ್ತಕವನ್ನು ಹಾಜರಿ ಪುಸ್ತಕದ ಪಕ್ಕದಲ್ಲಿಟ್ಟು, 6ರಿಂದ 18 ವಯಸ್ಸಿನ ಹೆಸರುಗಳನ್ನು ಒಂದೊಂದಾಗಿ ತಾಳೆ ಹಾಕಿ. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಹೆಸರುಗಳೇ ನೀವು ಹುಡುಕಬೇಕಾದ ಮಕ್ಕಳು. ಕುರಿ ಹಿಂದೆ ಹೋಗುವ ಹುಡುಗರು, ಇಟ್ಟಿಗೆ ಗೂಡಿನ ಬಳಿ ಬಿಡಾರ ಹೂಡಿದವರ ಮಕ್ಕಳು, ಏಳನೇ ತರಗತಿಗೆ ಶಾಲೆ ಬಿಟ್ಟು ತಮ್ಮ ತಂಗಿಯರನ್ನು ನೋಡಿಕೊಳ್ಳುವ ಹುಡುಗಿಯರು, ಮನೆಯಿಂದ ಹೊರಗೇ ಬರದ ಅಂಗವಿಕಲ ಮಕ್ಕಳು, ಹಾಸ್ಟೆಲಿನಲ್ಲಿರುವವರು ಆ ಪಟ್ಟಿಯಲ್ಲಿ ಸಿಗುತ್ತಾರೆ. ದಾವಣಗೆರೆ ಸುತ್ತಿನ ಪಂಚಾಯಿತಿಗಳಾದರೆ ಮಂಡಕ್ಕಿ ಭಟ್ಟಿ, ಗ್ಯಾರೇಜು, ಹೋಟೆಲು ಕೆಲಸಕ್ಕೆ ಪೇಟೆಗೆ ಹೋಗುವವರನ್ನೂ ಕೇಳಿ ನೋಡಿ.

ಇವರನ್ನು ಸಭೆಗೆ ಕರೆಯುವ ಬದಲು ತಂಡವೇ ಅವರಿದ್ದಲ್ಲಿಗೆ ಹೋಗಬೇಕು. ಕುರಿಗಾಹಿ ಹುಡುಗರು ಸಂಜೆ ಆರರ ಮೇಲೆ ಸಿಗುತ್ತಾರೆ, ಗೂಡಿನ ಮಕ್ಕಳು ಭಾನುವಾರ. ಗೊಲ್ಲರ ಹಟ್ಟಿಗಳಲ್ಲಿ ಮುಟ್ಟಿನ ದಿನಗಳಲ್ಲಿ ಹೆಣ್ಣುಮಕ್ಕಳನ್ನು ಹೊರಗಿಡುವ ರೂಢಿ ಇನ್ನೂ ಕೆಲವೆಡೆ ಇದೆ. ಅದರ ಬಗ್ಗೆ ಹುಡುಗಿಯರನ್ನು ಹೆಂಗಸರೇ ಕೇಳಬೇಕು, ಪ್ರತ್ಯೇಕವಾಗಿ, ಹಟ್ಟಿಯ ಗಂಡಸರ ಎದುರಲ್ಲದೆ. ಹಟ್ಟಿಯ ಹಿರಿಯರ ಬಳಿ ಮೊದಲೇ ಕೂತು ಮಾತಾಡಿ ಬನ್ನಿ. ಹೇಳದೆ ಹೋದರೆ ಮುಂದೆ ಆ ಹುಡುಗಿಯರ ಬಾಯಿಯೇ ಮುಚ್ಚುತ್ತದೆ.

ಪೂರ್ವಭಾವಿ ಸಭೆಗಳು

ಇಡೀ ಕೆಲಸದ ತಿರುಳು ಇಲ್ಲಿದೆ. ದೊಡ್ಡ ಸಭೆಯ ದಿನ ಮಕ್ಕಳು ಹೊಸದೇನನ್ನೂ ಹೇಳುವುದಿಲ್ಲ. ಇಲ್ಲಿ ಹೇಳಿದ್ದನ್ನೇ ಅಲ್ಲಿ ಧೈರ್ಯವಾಗಿ ಹೇಳುತ್ತಾರೆ.

ಒಂದು ಗುಂಪಿಗೆ 20ರಿಂದ 25 ಮಕ್ಕಳು ಸಾಕು, ಸಮಯ ಒಂದೂವರೆ ತಾಸು. ವಯಸ್ಸಿನ ಮೇಲೆ ಮೂರು ಗುಂಪು ಮಾಡಿ: 6–10, 11–14, 15–18. ಮೇಲಿನ ಎರಡು ಗುಂಪುಗಳಲ್ಲಿ ಹುಡುಗಿಯರಿಗೆ ಬೇರೆ, ಹುಡುಗರಿಗೆ ಬೇರೆ ಸಭೆ. ಶಿಕ್ಷಕರು, ಸದಸ್ಯರು, ಪಾಲಕರು ಕೋಣೆಯ ಹೊರಗಿರಲಿ. ಮೇಷ್ಟ್ರು ಹಿಂದೆ ಕೂತಿದ್ದರೆ ಬಿಸಿಯೂಟದ ಬಗ್ಗೆ, ಹೊಡೆತದ ಬಗ್ಗೆ ಒಂದು ಮಾತೂ ಬರುವುದಿಲ್ಲ. ‘ಪರಿಸರ ಉಳಿಸಿ, ಪ್ಲಾಸ್ಟಿಕ್ ನಿಲ್ಲಿಸಿ’ ಎಂಬ ಪ್ರಬಂಧದ ಸಾಲುಗಳು ಬರುತ್ತವೆ. ಅಂಥ ಸಾಲುಗಳೇ ಬರತೊಡಗಿದರೆ ಕೋಣೆಯಲ್ಲಿ ಯಾರೋ ದೊಡ್ಡವರಿದ್ದಾರೆ ಅಥವಾ ಯಾರೋ ಬರೆದುಕೊಟ್ಟಿದ್ದಾರೆ ಎಂದು ತಿಳಿಯಿರಿ.

ಬೇಕಾಗುವ ಸಾಮಾನು ಕಡಿಮೆ: ಎರಡು ಕೆಜಿ ರಂಗೋಲಿ ಪುಡಿ, ನಾಲ್ಕು ಬಣ್ಣದ ಚಾಕ್‌ಪೀಸ್, ಡ್ರಾಯಿಂಗ್ ಶೀಟು, ಸ್ಕೆಚ್ ಪೆನ್ನು, ಎಂಟು ಸ್ಟೀಲ್ ಲೋಟ, ಒಂದಿಷ್ಟು ಹುಣಸೆ ಬೀಜ.

ಮೊದಲ ಅರ್ಧ ತಾಸು ನಕ್ಷೆಗೆ. ಅಂಗಳದಲ್ಲಿ ರಂಗೋಲಿ ಪುಡಿಯಿಂದ ಮಕ್ಕಳೇ ತಮ್ಮೂರಿನ ನಕ್ಷೆ ಬಿಡಿಸಲಿ. ಗುಡಿ, ಶಾಲೆ, ಕೆರೆ, ಬಸ್‌ಸ್ಟ್ಯಾಂಡ್, ಬೋರು, ಶುದ್ಧ ನೀರಿನ ಘಟಕ, ತಮ್ಮ ಮನೆ. ನಂತರ ಖುಷಿಯಾಗುವ ಜಾಗಕ್ಕೆ ಎಲೆ, ಹೆದರಿಕೆಯಾಗುವ ಜಾಗಕ್ಕೆ ಕಲ್ಲು ಇಡಲು ಹೇಳಿ. ಕಲ್ಲು ಬಿದ್ದ ಜಾಗದ ಬಗ್ಗೆ ‘ಇಲ್ಲಿ ಏನಾಗುತ್ತೆ? ಯಾವ ಹೊತ್ತಲ್ಲಿ? ಯಾರಿಗೆ?’ ಎಂದು ಮೂರೇ ಪ್ರಶ್ನೆ ಕೇಳಿ ಸುಮ್ಮನಾಗಿ. ಸಾರಾಯಿ ಮಾರುವ ಪೆಟ್ಟಿಗೆ ಅಂಗಡಿ, ದೀಪ ಇಲ್ಲದ ಓಣಿ, ಮುಚ್ಚದ ಹಳೇ ಬಾವಿ, ಹೆದ್ದಾರಿ ದಾಟುವ ತಾವು ದೊಡ್ಡವರ ಪಟ್ಟಿಯಲ್ಲಿ ಎಂದೂ ಇರುವುದಿಲ್ಲ, ಈ ನಕ್ಷೆಯಲ್ಲಿ ಮೊದಲೇ ಬರುತ್ತವೆ. ನಕ್ಷೆ ಅಳಿಸುವ ಮುನ್ನ ಶೀಟಿನ ಮೇಲೆ ನಕಲು ಮಾಡಿಕೊಳ್ಳಿ.

ಮುಂದಿನ ಅರ್ಧ ತಾಸು ದಿನಚರಿ. ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಏನು ಮಾಡುತ್ತೀರಿ ಎಂದು ಗಂಟೆವಾರು ಬರೆಸಿ. ನೀರು ಹೊರುವುದು, ದನ ಕಟ್ಟುವುದು, ಬಸ್ಸಿಗೆ ಕಾಯುವುದು, ಮೊಬೈಲ್ ಎಲ್ಲ ಇಲ್ಲಿ ಕಾಣುತ್ತವೆ.

ಕೊನೆಗೆ ಆಯ್ಕೆ. ಹೊರಬಿದ್ದ ಸಮಸ್ಯೆಗಳಲ್ಲಿ ಎಂಟನ್ನು ಚಿತ್ರ ಬರೆದು ಎಂಟು ಲೋಟಗಳಿಗೆ ಅಂಟಿಸಿ, ಬಾಗಿಲ ಹಿಂದೆ ಸಾಲಾಗಿ ಇಡಿ. ಪ್ರತಿ ಮಗುವಿಗೆ ಮೂರು ಹುಣಸೆ ಬೀಜ. ಒಬ್ಬೊಬ್ಬರೇ ಒಳಗೆ ಹೋಗಿ ತಮಗೆ ಮುಖ್ಯವೆನಿಸಿದ್ದಕ್ಕೆ ಹಾಕಿ ಬರಬೇಕು. ಮೂರನ್ನೂ ಒಂದಕ್ಕೇ ಹಾಕಬಹುದು. ಕೈ ಎತ್ತಿಸಿ ಮತ ಕೇಳಬೇಡಿ. ಜೋರಿನ ಹುಡುಗ ಎತ್ತಿದ ಕಡೆಗೇ ಉಳಿದ ಕೈಗಳೂ ಏಳುತ್ತವೆ. ಚಿಕ್ಕ ಮಕ್ಕಳ ಗುಂಪಿನಲ್ಲಿ ಹುಡುಗ–ಹುಡುಗಿ ಒಟ್ಟಿಗಿದ್ದರೆ ಹುಡುಗಿಯರಿಗೆ ಹುಣಸೆ ಬೀಜ, ಹುಡುಗರಿಗೆ ಅಲಸಂದೆ ಕಾಳು ಕೊಡಿ, ಎರಡನ್ನೂ ಬೇರೆ ಎಣಿಸಿ. ಹುಡುಗರ ಕಾಳು ಆಟದ ಮೈದಾನದ ಲೋಟದಲ್ಲಿ, ಹುಡುಗಿಯರ ಬೀಜ ಶೌಚಾಲಯದ ಲೋಟದಲ್ಲಿ ತುಂಬಿದ್ದರೆ, ಒಟ್ಟು ಲೆಕ್ಕದಲ್ಲಿ ಒಂದು ಇನ್ನೊಂದನ್ನು ನುಂಗದಂತೆ ಎರಡನ್ನೂ ಪಟ್ಟಿಗೆ ಹಾಕಿ.

ಅಳತೆ ಮಾಡಿ, ಆಮೇಲೆ ಕೇಳಿ

ಅಂಕಿ ಇಲ್ಲದ ಬೇಡಿಕೆಗೆ ಅಂಕಿ ಇಲ್ಲದ ಉತ್ತರ ಬರುತ್ತದೆ. ಒಂದು ವಾರ ಮಕ್ಕಳು ಮತ್ತು ಯುವಜನ ಸೇರಿ ಅಳೆಯಲಿ. ಶೌಚಾಲಯ ಎಷ್ಟಿವೆ, ಬೀಗ ಹಾಕಿದ್ದೆಷ್ಟು, ನೀರು ಬರುವುದೆಷ್ಟು (40 ಮಕ್ಕಳಿಗೆ ಒಂದು ಎಂಬುದು ಸ್ವಚ್ಛ ವಿದ್ಯಾಲಯದ ಮಾನದಂಡ). ಬಸ್ಸು ಐದು ದಿನ ಎಷ್ಟು ಗಂಟೆಗೆ ಬಂತು, ನಿಲ್ಲಿಸದೆ ಹೋದದ್ದು ಎಷ್ಟು ಸಲ. ಬೀದಿ ದೀಪದ ಕಂಬಗಳಲ್ಲಿ ಉರಿಯುವುದೆಷ್ಟು, ಕಂಬದ ನಂಬರ್ ಯಾವುದು. ಕಂಬದ ನಂಬರ್ ಇದ್ದರೆ ಲೈನ್‌ಮನ್‌ಗೆ ಕೆಲಸ ಸುಲಭ, ತಪ್ಪಿಸಿಕೊಳ್ಳುವುದು ಕಷ್ಟ.

ನಮ್ಮ ಜಿಲ್ಲೆಗಳಲ್ಲಿ ನೀರಿನ ವಿಷಯ ಬಂದೇ ಬರುತ್ತದೆ, ಅದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಚಿತ್ರದುರ್ಗ ಜಿಲ್ಲೆ ಮತ್ತು ಜಗಳೂರು ಕಡೆಯ ಆಳದ ಬೋರುಗಳಲ್ಲಿ ಫ್ಲೋರೈಡ್ ಹೆಚ್ಚಿರುವುದು ಹಳೆಯ ಸಮಸ್ಯೆ. ಮಕ್ಕಳ ಹಲ್ಲಿನ ಮೇಲೆ ಸುಣ್ಣ ಬಳಿದಂಥ ಬಿಳಿ ಮಚ್ಚೆ, ಆಮೇಲೆ ಕಂದು ಗೆರೆ ಕಾಣಿಸುವುದು ಅದರ ಗುರುತು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂವರೆಗೆ ಸರಿ, ಬೇರೆ ಮೂಲ ಇಲ್ಲದಿದ್ದರೆ 1.5 ಗರಿಷ್ಠ ಮಿತಿ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಕುದಿಸಿ ಕುಡಿಯಿರಿ ಎಂಬ ಸಲಹೆ ಇಲ್ಲಿ ನಡೆಯದು.

ಪರೀಕ್ಷೆಗೆ ಒಂದು ಲೀಟರ್ ಪ್ಲಾಸ್ಟಿಕ್ ಬಾಟಲಿ ಬಳಸಿ, ಗಾಜಿನದ್ದು ಬೇಡ. ಗಾಜಿನೊಂದಿಗೆ ಫ್ಲೋರೈಡ್ ಪ್ರತಿಕ್ರಿಯಿಸಿ ಫಲಿತಾಂಶ ತಪ್ಪಬಹುದು. ನಲ್ಲಿಯನ್ನು ಎರಡು ಮೂರು ನಿಮಿಷ ಬಿಟ್ಟು, ಅದೇ ನೀರಿನಿಂದ ಬಾಟಲಿಯನ್ನು ಮೂರು ಸಲ ತೊಳೆದು ತುಂಬಿಸಿ. ಊರು, ಮೂಲ, ದಿನಾಂಕ, ಸಮಯ ಬರೆದ ಚೀಟಿ ಅಂಟಿಸಿ. ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಊರಿನ ಐವರು ಮಹಿಳೆಯರಿಗೆ ಕಿಟ್‌ನಿಂದ ನೀರು ಪರೀಕ್ಷಿಸುವ ತರಬೇತಿ ಕೊಡಬೇಕೆಂದಿದೆ. ನಿಮ್ಮೂರಿನಲ್ಲಿ ತರಬೇತಾದವರು ಯಾರೆಂದು ಪಂಚಾಯಿತಿಯಲ್ಲಿ ಕೇಳಿ, ಮಕ್ಕಳ ಎದುರೇ ಪರೀಕ್ಷೆ ಮಾಡಿಸಿ. ಕಿಟ್‌ನಲ್ಲಿ ಹೆಚ್ಚು ಬಂದರೆ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಕ್ಕೆ ಮಾದರಿ ಕಳಿಸಿ. ಕಿಟ್‌ನ ಬಣ್ಣ ನೋಡಿ ಹೇಳಿದ್ದನ್ನು ಯಾರಾದರೂ ಅಲ್ಲಗಳೆಯಬಹುದು, ಪ್ರಯೋಗಾಲಯದ ವರದಿಯನ್ನು ಅಲ್ಲಗಳೆಯುವುದು ಕಷ್ಟ.

ಈಗ ಬೇಡಿಕೆ ಬರೆಯುವ ಬಗೆ. ‘ನಮ್ಮ ಶಾಲೆಗೆ ಒಳ್ಳೆ ನೀರು ಕೊಡಿ’ ಎಂದರೆ ಯಾರೂ ಇಲ್ಲ ಅನ್ನುವುದಿಲ್ಲ, ಯಾರೂ ಕೊಡುವುದೂ ಇಲ್ಲ. ಅದನ್ನೇ ಹೀಗೆ ಬರೆದು ನೋಡಿ (ಅಂಕಿಗಳು ಮಾದರಿಗಾಗಿ ಮಾತ್ರ):

‘ನಮ್ಮ ಶಾಲೆಯಲ್ಲಿ 142 ಮಕ್ಕಳಿದ್ದೇವೆ. ಕುಡಿಯುವುದು ಶಾಲೆ ಹಿಂದಿನ ಬೋರಿನ ನೀರು. ನವೆಂಬರ್ 6ರ ಪರೀಕ್ಷೆಯಲ್ಲಿ ಫ್ಲೋರೈಡ್ ಲೀಟರಿಗೆ 2.4 ಮಿಲಿಗ್ರಾಂ ಬಂದಿದೆ, ವರದಿ ಲಗತ್ತಿಸಿದೆ. ಶುದ್ಧ ನೀರಿನ ಘಟಕ 600 ಮೀಟರ್ ದೂರದಲ್ಲಿದೆ. ಕುಡಿಯಲು, ಅಡುಗೆಗೆ ಸೇರಿ ದಿನಕ್ಕೆ 300 ಲೀಟರ್, ಅಂದರೆ 20 ಲೀಟರಿನ 15 ಕ್ಯಾನ್ ಬೇಕು. ಡಿಸೆಂಬರ್ 1ರಿಂದ ಶಾಲಾ ದಿನಗಳಲ್ಲಿ ಬೆಳಿಗ್ಗೆ 9.30ರೊಳಗೆ ಕ್ಯಾನ್ ತಲುಪಿಸಬೇಕು. ಘಟಕದಿಂದ ಶಾಲೆಗೆ ಪೈಪ್‌ಲೈನ್ ಹಾಕುವುದನ್ನು ಮುಂದಿನ ಕ್ರಿಯಾ ಯೋಜನೆಯಲ್ಲಿ ಸೇರಿಸಬೇಕು.’

ತಕ್ಷಣ ಆಗುವುದು ಒಂದು, ವರ್ಷದಲ್ಲಿ ಆಗುವುದು ಒಂದು. ಪ್ರತಿ ಬೇಡಿಕೆಯಲ್ಲೂ ಈ ಎರಡು ಭಾಗ ಇರಲಿ. ಪೈಪ್‌ಲೈನ್ ಒಂದನ್ನೇ ಕೇಳಿದರೆ ಅದು ಬರುವವರೆಗೆ ಮಕ್ಕಳು ಬೋರಿನ ನೀರೇ ಕುಡಿಯುತ್ತಿರುತ್ತಾರೆ.

ಮೂರು ಕಡತ

ಬಂದ ಬೇಡಿಕೆಗಳನ್ನೆಲ್ಲ ಒಂದೇ ಪಟ್ಟಿಯಲ್ಲಿ ತುಂಬಬೇಡಿ.

ಮೊದಲ ಕಡತ ಪಂಚಾಯಿತಿ ತಾನೇ ಮಾಡಬಹುದಾದದ್ದು: ನೀರು, ಚರಂಡಿ, ಬೀದಿ ದೀಪ, ಶಾಲೆ ಮುಂದಿನ ಕಸದ ಗುಂಡಿ, ಅರಿವು ಕೇಂದ್ರದ ಸಮಯ. ಕೇಂದ್ರದ ಬಾಗಿಲು ಶಾಲೆ ಬಿಟ್ಟ ಮೇಲೂ ತೆರೆದಿರಲಿ ಎಂಬುದು ಬಹಳ ಮಕ್ಕಳು ಕೇಳುವ, ಹೆಚ್ಚು ದುಡ್ಡು ಬೇಡದ ಬೇಡಿಕೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವವೂ ಇದೆ.

ಎರಡನೆಯದು ಬೇರೆ ಇಲಾಖೆಗೆ ಕಳಿಸಬೇಕಾದದ್ದು. ಶಿಕ್ಷಕರ ಕೊರತೆ ಬಿಇಒಗೆ (ಕ್ಷೇತ್ರ ಶಿಕ್ಷಣಾಧಿಕಾರಿ), ಅಂಗನವಾಡಿ ಕಟ್ಟಡ ಸಿಡಿಪಿಒಗೆ (ಶಿಶು ಅಭಿವೃದ್ಧಿ ಯೋಜನಾಧಿಕಾರಿ), ಬಸ್ಸು ಕೆಎಸ್‌ಆರ್‌ಟಿಸಿ ಡಿಪೊ ವ್ಯವಸ್ಥಾಪಕರಿಗೆ, ಬಾಗಿದ ಕಂಬ ವಿದ್ಯುತ್ ಕಂಪನಿ ಬೆಸ್ಕಾಂಗೆ, ಹುಡುಗಿಯರಿಗೆ ಕೊಡುವ ‘ಶುಚಿ’ ಮುಟ್ಟಿನ ಪ್ಯಾಡ್ ಬರದಿದ್ದರೆ ಆರೋಗ್ಯ ಇಲಾಖೆಗೆ. ಪಂಚಾಯಿತಿ ಇಲ್ಲಿ ಕೈಚೆಲ್ಲುವಂತಿಲ್ಲ. ನಿರ್ಣಯ ಮಾಡಿ, ಪತ್ರ ಬರೆದು, ಸ್ವೀಕೃತಿ ಪಡೆದು, ಉತ್ತರ ತರಿಸುವುದು ಅದರ ಕೆಲಸ.

ಮೂರನೇ ಕಡತ ಸಭೆಗೆ ಬರಲೇಬಾರದು. ಲೈಂಗಿಕ ದೌರ್ಜನ್ಯ, ಹೊಡೆತ, ನಿಶ್ಚಯವಾಗಿರುವ ಬಾಲ್ಯವಿವಾಹ, ದುಡಿಮೆಗೆ ಇಟ್ಟಿರುವುದು ಇಂಥವನ್ನು ಮಗು ಗುಂಪಿನಲ್ಲಿ ಅಥವಾ ಸಲಹಾ ಪೆಟ್ಟಿಗೆಯ ಚೀಟಿಯಲ್ಲಿ ಹೇಳಬಹುದು. ಚೀಟಿಯನ್ನು ಮೈಕಿನಲ್ಲಿ ಓದಿದರೆ ಬರೆದ ಮಗುವಿನ ಗುರುತು ಊರಿಗೆಲ್ಲ ಸಿಕ್ಕಿಬಿಡುತ್ತದೆ. ಲೈಂಗಿಕ ದೌರ್ಜನ್ಯದ ವಿಷಯ ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು ಎಂದು 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಹೇಳುತ್ತದೆ, ತಿಳಿಸದಿದ್ದರೆ 21ನೇ ಕಲಮಿನಡಿ ಶಿಕ್ಷೆ ಇದೆ. ಊರ ಹಿರಿಯರು ಕೂತು ರಾಜಿ ಮಾಡಲು ಇಲ್ಲಿ ಅವಕಾಶವೇ ಇಲ್ಲ. ಮಗುವಿನ ಹೆಸರು, ಮನೆ, ಶಾಲೆ ಯಾವುದೂ ಹೊರಬೀಳಬಾರದು. ಮಕ್ಕಳ ಸಹಾಯವಾಣಿ 1098, ತುರ್ತಿಗೆ 112. ಬಾಲ್ಯವಿವಾಹ ಕರ್ನಾಟಕದಲ್ಲಿ ಮೊದಲಿಂದಲೇ ಅಸಿಂಧು. ಪಿಡಿಒ ಸೇರಿ ಹಲವು ಅಧಿಕಾರಿಗಳನ್ನು ಸರ್ಕಾರ ಬಾಲ್ಯವಿವಾಹ ನಿಷೇಧಾಧಿಕಾರಿಗಳೆಂದು ಗೊತ್ತುಮಾಡಿದೆ, ಹಾಗಾಗಿ ‘ನನಗೆ ಅಧಿಕಾರ ಇಲ್ಲ’ ಎಂದು ಅವರು ಹೇಳುವಂತಿಲ್ಲ.

ಗುಂಪು ನಡೆಸುವ ಯುವಜನರಿಗೆ ಇದನ್ನು ಮೊದಲ ದಿನವೇ ಹೇಳಿಕೊಡಿ. ಮಗು ಹೇಳಿದರೆ ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡಬೇಡಿ, ಆ ಮಾತು ಉಳಿಸಿಕೊಳ್ಳಲಾಗದು. ಬಗೆದು ಬಗೆದು ಕೇಳಬೇಡಿ. ‘ಹೇಳಿದ್ದು ಒಳ್ಳೇದಾಯ್ತು ಪುಟ್ಟಾ, ಇದರಲ್ಲಿ ನಿನ್ನ ತಪ್ಪಿಲ್ಲ, ಸಹಾಯ ಮಾಡೋರಿಗೆ ನಾನು ತಿಳಿಸ್ತೀನಿ’ ಎಂದಷ್ಟೇ ಹೇಳಿ, ಅವತ್ತೇ 1098ಕ್ಕೆ ಕರೆ ಮಾಡಿ.

ಸಭೆಯ ದಿನ

ಜಾಗ ಶಾಲೆಯ ಅಂಗಳ ಅಥವಾ ಸಮುದಾಯ ಭವನ. ಗುಡಿಯ ಕಟ್ಟೆ ಬೇಡ, ಅಲ್ಲಿಗೆ ಎಲ್ಲ ಮಕ್ಕಳೂ ಒಂದೇ ಸಲೀಸಿನಿಂದ ಬರಲಾರರು. ಹತ್ತಾರು ಹಳ್ಳಿಗಳ ಪಂಚಾಯಿತಿಯಾದರೆ ದೂರದ ಹಟ್ಟಿ, ತಾಂಡಾಗಳಿಗೆ ವಾಹನ ಕಳಿಸಿ. ಸಮಯ ಬೆಳಿಗ್ಗೆ 10.30ರಿಂದ 1.30, ಮೂರು ತಾಸು. ಮಂಡಕ್ಕಿ ಒಗ್ಗರಣೆ, ಬಾಳೆಹಣ್ಣು, ಕುಡಿಯಲು ತಲೆಗೆ ಒಂದು ಲೀಟರ್ ನೀರಿನ ವ್ಯವಸ್ಥೆ ಸಾಕು. ಹಾರ, ಶಾಲು, ಫ್ಲೆಕ್ಸ್‌ಗೆ ಹಾಕುವ ದುಡ್ಡನ್ನು ವಾಹನಕ್ಕೆ ಹಾಕಿ.

ವೇದಿಕೆ ಕಟ್ಟಬೇಡಿ. ಕುದುರೆ ಲಾಳದ ಆಕಾರದಲ್ಲಿ ಕೂರಿಸಿ, ತೆರೆದ ತುದಿಯಲ್ಲಿ ಅಧ್ಯಕ್ಷರು ಮತ್ತು ಅಧಿಕಾರಿಗಳು ಮಕ್ಕಳಷ್ಟೇ ಎತ್ತರದಲ್ಲಿ ಇರಲಿ. ಮೈಕ್ ಎರಡು ಬೇಕು. ಒಂದು ಮಕ್ಕಳ ಸಾಲಿನಲ್ಲಿ ಓಡಾಡುತ್ತಿರಲಿ, ಇನ್ನೊಂದು ಉತ್ತರಿಸುವವರ ಬಳಿ. ಒಂದೇ ಮೈಕ್ ಇದ್ದರೆ ಅದು ದೊಡ್ಡವರ ಕೈಯಲ್ಲೇ ಉಳಿಯುತ್ತದೆ.

ಅಧ್ಯಕ್ಷತೆ ಪಂಚಾಯಿತಿ ಅಧ್ಯಕ್ಷರದು, ನಿರೂಪಣೆ ಒಬ್ಬ ಹುಡುಗಿ, ಒಬ್ಬ ಹುಡುಗನದು. ಸ್ವಾಗತಕ್ಕೆ 5 ನಿಮಿಷ, ಕಳೆದ ವರ್ಷದ ಅನುಪಾಲನಾ ವರದಿಗೆ (ಕೇಳಿದ್ದರಲ್ಲಿ ಆದದ್ದೇನು, ಆಗದ್ದೇನು ಎಂಬ ಲೆಕ್ಕ) 25 ನಿಮಿಷ, ಮಕ್ಕಳ ಬೇಡಿಕೆ ಮತ್ತು ಉತ್ತರಕ್ಕೆ ಒಂದೂಮುಕ್ಕಾಲು ತಾಸು, ನಿರ್ಣಯ ಓದುವುದಕ್ಕೆ 20 ನಿಮಿಷ, ಉಳಿದದ್ದು ತಿಂಡಿಗೆ. ಮುಖ್ಯ ಅತಿಥಿ ಭಾಷಣ ಇಲ್ಲ. ಶಾಸಕರು ಬಂದರೂ ಅವರಿಗೆ ಮಕ್ಕಳ ಪ್ರಶ್ನೆಗಳ ನಡುವೆಯೇ ಉತ್ತರಿಸಲು ಹೇಳಿ, ಅದೇ ಅವರಿಗೆ ಸಲ್ಲುವ ಗೌರವ.

ಪ್ರತಿ ಉತ್ತರದಲ್ಲೂ ಮೂರು ಅಂಶ ಇರಬೇಕು: ಯಾರು ಮಾಡುತ್ತಾರೆ, ಯಾವ ದಿನಾಂಕದೊಳಗೆ, ಯಾವ ಹಣದಲ್ಲಿ. ಮೂರರಲ್ಲಿ ಒಂದು ತಪ್ಪಿದರೂ ನಿರೂಪಕ ಮಗು ‘ಸರ್, ದಿನಾಂಕ ಹೇಳಿ’ ಎಂದು ನಯವಾಗಿ ಕೇಳಲಿ. ಹೀಗೆ ಕೇಳುವುದನ್ನು ಹಿಂದಿನ ದಿನ ನಾಲ್ಕಾರು ಸಲ ಅಭ್ಯಾಸ ಮಾಡಿಸಿ. ಪ್ರಶ್ನೆಯನ್ನು ಬಾಯಿಪಾಠ ಮಾಡಿಸಬೇಡಿ. ಸಾಲು ಮರೆತ ಮಗು ಅಳುತ್ತಾ ಕೂರುತ್ತದೆ, ತನ್ನ ಮಾತಿನಲ್ಲಿ ಹೇಳುವ ಮಗು ತಡವರಿಸಿದರೂ ಮುಗಿಸುತ್ತದೆ. ಲಂಬಾಣಿ ಭಾಷೆಯಲ್ಲೋ ಉರ್ದುವಿನಲ್ಲೋ ಹೇಳುವ ಮಕ್ಕಳಿಗೆ ಹೇಳಲು ಬಿಡಿ, ಪಕ್ಕದಲ್ಲಿ ಕನ್ನಡಕ್ಕೆ ಹೇಳುವವರಿರಲಿ.

ಫೋಟೊ ಬೇಕಿದ್ದರೆ ಸಭೆಯ ಒಟ್ಟು ನೋಟ ತೆಗೆಯಿರಿ. ದೂರು ಹೇಳುತ್ತಿರುವ ಮಗುವಿನ ವಿಡಿಯೊ ವಾಟ್ಸಾಪಿಗೆ ಹೋದರೆ ಮಗುವಿಗೇ ಕಿರುಕುಳ. ಸಾರಾಯಿ ಅಂಗಡಿಯ ಹೆಸರು ಹೇಳಿದ ಹುಡುಗನ ತಂದೆಯನ್ನು ಸಂಜೆ ಯಾರಾದರೂ ತಡೆದು ನಿಲ್ಲಿಸಬಹುದು. ಅಂಥ ವಿಷಯಗಳನ್ನು ಒಂದು ಮಗುವಿನ ಬದಲು ಇಡೀ ಗುಂಪಿನ ಹೆಸರಲ್ಲಿ ಮಂಡಿಸಿ.

ನಿರ್ಣಯ ಮತ್ತು ಹಣ

ಸಭೆಯ ನಡಾವಳಿಯನ್ನು ಅವತ್ತೇ ಬರೆದು ಓದಿ ಹೇಳಿ. ಆಮೇಲೆ ಬರೆಯುತ್ತೇವೆ ಎಂದರೆ ‘ಮಕ್ಕಳ ವಿವಿಧ ಸಮಸ್ಯೆಗಳ ಬಗ್ಗೆ ಚರ್ಚಿಸಲಾಯಿತು’ ಎಂಬ ಒಂದೇ ಸಾಲು ಉಳಿಯುತ್ತದೆ. ಪ್ರತಿ ಬೇಡಿಕೆಗೂ ಕ್ರಮ ಸಂಖ್ಯೆ ಇರಲಿ. ಮುಂದಿನ ಸಾಮಾನ್ಯ ಸಭೆಯ ವಿಷಯಸೂಚಿಯಲ್ಲಿ ಅದೇ ಸಂಖ್ಯೆಗಳೊಂದಿಗೆ ಬರಬೇಕು. ಮಕ್ಕಳ ಸಭೆಯ ನಡಾವಳಿ ಎಷ್ಟೇ ಚೆನ್ನಾಗಿದ್ದರೂ ಸಾಮಾನ್ಯ ಸಭೆಯ ಠರಾವು ಇಲ್ಲದೆ ಒಂದು ರೂಪಾಯಿಯೂ ಖರ್ಚಾಗದು.

ಹಣದ ಸ್ವರೂಪ ಗೊತ್ತಿದ್ದರೆ ಬೇಡಿಕೆ ಸರಿಯಾದ ಬಾಗಿಲಿಗೆ ಹೋಗುತ್ತದೆ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ 2021–22ರಿಂದ 2025–26ರವರೆಗೆ ಶೇ 60 ನಿರ್ಬಂಧಿತ, ಅಂದರೆ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲು. ಉಳಿದ ಶೇ 40 ಸ್ಥಳೀಯ ಅಗತ್ಯಕ್ಕೆ, ಆದರೆ ಸಂಬಳಕ್ಕೆ ಬಳಸುವಂತಿಲ್ಲ. ಹಾಗಾಗಿ ನೀರು, ಶೌಚಾಲಯದ ಬೇಡಿಕೆಗೆ ‘ಹಣ ಇಲ್ಲ’ ಎಂಬ ಉತ್ತರ ಬಂದರೆ ನಿರ್ಬಂಧಿತ ಅನುದಾನದ ಲೆಕ್ಕ ಕೇಳಿ. ಅತಿಥಿ ಶಿಕ್ಷಕರ ಸಂಬಳವನ್ನು ಅದರಿಂದ ಕೊಡಿ ಎಂದರೆ ಮಾತ್ರ ನಿಜಕ್ಕೂ ಆಗದು. ಆ ಅವಧಿಯ ನಂತರದ ವರ್ಷಗಳಿಗೆ ಚಾಲ್ತಿಯಲ್ಲಿರುವ ಆದೇಶವನ್ನೇ ಪಿಡಿಒ ಬಳಿ ನೋಡಿ. ಕಾಂಪೌಂಡು, ಮೈದಾನ, ಅಡುಗೆ ಕೋಣೆಗಳನ್ನು ನರೇಗಾ ಒಗ್ಗೂಡಿಸಿ ಕಟ್ಟಿಸಿದ ಪಂಚಾಯಿತಿಗಳು ರಾಜ್ಯದಲ್ಲಿ ಬೇಕಾದಷ್ಟಿವೆ. ಅಂಗವಿಕಲ ಮಕ್ಕಳ ರ‍್ಯಾಂಪ್, ಸಾಧನಗಳಿಗೆ ಪಂಚಾಯಿತಿಯ ಶೇ 5ರ ನಿಧಿ ಇದೆ. ಸ್ವಂತ ಸಂಪನ್ಮೂಲದಿಂದ ಬಲ್ಬು, ಬೀಗ, ಪುಸ್ತಕದಂಥ ಸಣ್ಣ ಕೆಲಸ ತಿಂಗಳೊಳಗೆ ಮುಗಿಸಬಹುದು. ಮೊದಲ ತಿಂಗಳಲ್ಲಿ ಎರಡಾದರೂ ಸಣ್ಣ ಕೆಲಸ ಆಗಲೇಬೇಕು, ಅದನ್ನು ನೋಡಿದ ಮಕ್ಕಳಿಗೆ ದೊಡ್ಡ ಕೆಲಸಕ್ಕೆ ಕಾಯುವ ತಾಳ್ಮೆ ಬರುತ್ತದೆ.

ಬೆನ್ನು ಹತ್ತುವುದು

ಆರು ಯುವಜನರಲ್ಲಿ ಇಬ್ಬರು, 13 ದಾಟಿದ ಮಕ್ಕಳಲ್ಲಿ ನಾಲ್ವರು ಸೇರಿ ಅನುಪಾಲನಾ ತಂಡ. ಒಂದು ಉದ್ದ ರಿಜಿಸ್ಟರ್ ಪುಸ್ತಕದಲ್ಲಿ ಕ್ರಮ ಸಂಖ್ಯೆ, ಬೇಡಿಕೆ, ಹೊಣೆ ಹೊತ್ತವರ ಹುದ್ದೆ, ಕೊಟ್ಟ ದಿನಾಂಕ, ಆದದ್ದು, ಆಗದಿದ್ದರೆ ಕಾರಣ ಎಂದು ಆರು ಅಂಕಣ ಎಳೆಯಿರಿ. ಪ್ರತಿ ತಿಂಗಳ ಒಂದು ಗೊತ್ತಾದ ದಿನ ಪಂಚಾಯಿತಿಗೆ ಹೋಗಿ ತುಂಬಿಸಿಕೊಂಡು ಬನ್ನಿ. ಅದರ ನಕಲು ಶಾಲೆಯ ಸೂಚನಾ ಫಲಕ, ಅರಿವು ಕೇಂದ್ರ, ಹಟ್ಟಿಯ ಅಂಗನವಾಡಿ ಮೂರೂ ಕಡೆ ಅಂಟಿಸಿ.

30 ದಿನದಲ್ಲಿ ಲಿಖಿತ ಉತ್ತರ ಬರದಿದ್ದರೆ ಪಿಡಿಒಗೆ ನೆನಪೋಲೆ. ಅದಕ್ಕೂ ಉತ್ತರ ಇಲ್ಲದಿದ್ದರೆ ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗೆ, ನಂತರ ಜಿಲ್ಲಾ ಪಂಚಾಯಿತಿ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ ನಡಾವಳಿಯ ನಕಲಿನೊಂದಿಗೆ ಬರೆಯಿರಿ. ನಡಾವಳಿಯ ನಕಲು ಕೊಡದಿದ್ದರೆ ತಂಡದ ಯುವಜನ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಕೇಳಬಹುದು, 30 ದಿನದಲ್ಲಿ ಕೊಡಬೇಕು. ಮಕ್ಕಳ ಹಕ್ಕಿನ ಉಲ್ಲಂಘನೆಯೇ ಆಗಿದ್ದರೆ ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ದೂರು ಕೊಡಲು ದಾರಿ ಇದೆ. ಈ ಅರ್ಜಿಗಳಿಗೆಲ್ಲ ಸಹಿ ಯುವಜನರದು ಅಥವಾ ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಯದು ಇರಲಿ. ಮಕ್ಕಳ ಹೆಸರು ಹಾಕಿ ಅವರನ್ನು ಜಗಳದ ಮುಂದೆ ನಿಲ್ಲಿಸಬೇಡಿ.

ಹತ್ತನೇ ತರಗತಿ ಮುಗಿಸಿದ ಮಕ್ಕಳು ಜೂನ್‌ನಲ್ಲಿ ಪಿಯುಸಿಗೆಂದು ದಾವಣಗೆರೆಗೋ ಚಿತ್ರದುರ್ಗಕ್ಕೋ ಹೋಗುತ್ತಾರೆ, ಅವರ ಜೊತೆ ರಿಜಿಸ್ಟರ್ ಕೂಡ ಮನೆ ಸೇರಿ ಕಳೆದುಹೋಗುವುದು ಈ ಕೆಲಸದಲ್ಲಿ ಪದೇ ಪದೇ ಆಗುವ ನಷ್ಟ. ಹಾಗಾಗಿ ಪುಸ್ತಕ ಯಾವತ್ತೂ ಅರಿವು ಕೇಂದ್ರದ ಬೀರುವಿನಲ್ಲೇ ಇರಲಿ. ಅನುಪಾಲನಾ ತಂಡದಲ್ಲಿ ಎಂಟನೇ ತರಗತಿಯ ಇಬ್ಬರು ಕಡ್ಡಾಯವಾಗಿ ಇರಲಿ. ಮಾರ್ಚ್ ಪರೀಕ್ಷೆಗೆ ಮುನ್ನ ಒಂದು ಸಂಜೆ ಹಳಬರು ಹೊಸಬರಿಗೆ ಬಾಕಿ ಇರುವ ಸಂಖ್ಯೆಗಳನ್ನು ಒಂದೊಂದಾಗಿ ವಿವರಿಸಿ, ಕೊನೆಯ ಪುಟದಲ್ಲಿ ಇಬ್ಬರೂ ಸಹಿ ಹಾಕಲಿ. ನವೆಂಬರ್‌ನ ಸಭೆಯಲ್ಲಿ ಆ 25 ನಿಮಿಷಗಳ ವರದಿ ಓದಬೇಕಾದವರು ಈ ಹೊಸಬರೇ.